ಯಜ್ದ್‌ನ ನೆಲಮಾಳಿಗೆ, ನೊಣಗಳು ಮತ್ತು ನೀನು

“ಆ ಬೀಗದ ಕೈ ಇವರಿಗೆ ಮಾತ್ರ ಕೊಡಬೇಡಿ, ಡಾಕ್ಟರ್!”

ಅರ್ಗವಾನಳ ದನಿ ಅವಳಿಗೇ ಜೋರಾಗಿ ಕೇಳಿಸಿತು. ಯಜ್ದ್ ನಗರದ ವಿಶ್ವವಿದ್ಯಾಲಯದ ಆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ ಹೊಸಬನ ಮುಖದಿಂದ ನಗು ಇಳಿದುಹೋಯಿತು.

ಹಣ್ಣಿನ ನೊಣಗಳ ಮುಂದೆ ಬರೀ ಸಕ್ಕರೆ ನೀರು, ಮಾರ್ಫಿನ್ ಬೆರೆಸಿದ ಸಕ್ಕರೆ ನೀರು ಎರಡನ್ನೂ ಇಟ್ಟು, ಯಾವ ಜೀನ್ ಇರುವ ನೊಣ ಚಟಕ್ಕೆ ಬೀಳುತ್ತದೆ ಎಂದು ಹುಡುಕುವುದು ಅವಳ ಸಂಶೋಧನೆ. ಮಾರ್ಫಿನ್ ಇಟ್ಟ ಫ್ರಿಜ್ಜಿಗೆ ಸದಾ ಬೀಗ.

“ಯಾಕಮ್ಮ?” ಎಂದರು ಡಾಕ್ಟರ್ ವಸೂಖಿ.

“ಇವರು... ಅಫೀಮು ಬಿಡಿಸೋ ಶಿಬಿರದಲ್ಲಿದ್ದವರಂತೆ.”

ಉತ್ತರ ಬಂದದ್ದು ಬಾಗಿಲಿನಿಂದ. “ಹೌದು ಅರ್ಗವಾನ್ ಖಾನಂ, ಇದ್ದೆ. ಬಿಟ್ಟೆ. ನನಗೇ ಯಾಕೆ ಅಂಟಿಕೊಳ್ತು ಅಂತ ತಿಳ್ಕೊಳ್ಳೋಕೆ ಇಲ್ಲಿಗೆ ಬಂದೆ.”

ಅವನ ಹೆಸರು ಫೊರೂದ್. ವಸೂಖಿ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು.

‘ಎಷ್ಟು ಧೈರ್ಯ ಇವನಿಗೆ!’ ಎಂದುಕೊಂಡಳು ಅರ್ಗವಾನ್. ತಾನು ಬಾಯಿಬಿಟ್ಟು ಹೇಳಲಾಗದ್ದನ್ನು ಅವನು ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದ...

ಚಳಿಗಾಲ ಕಳೆಯುವಷ್ಟರಲ್ಲಿ ಅವಳ ಸಿಟ್ಟು ಕರಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಮಂಪರಿನಲ್ಲಿ ಬಿದ್ದ ನೊಣಗಳನ್ನು ಮೆತ್ತನೆಯ ಕುಂಚದಿಂದ ಬೇರ್ಪಡಿಸುವಾಗ ಅವನು ಒಂದೊಂದಕ್ಕೂ ಪಿಸುಗುಡುತ್ತಿದ್ದ: “ಸ್ವಲ್ಪ ಸರಿ ತಾಯಿ, ನಿನ್ನ ಯಜಮಾನತಿ ನೋಡಿದ್ರೆ ಇಬ್ಬರಿಗೂ ಬೈತಾರೆ.”

ಅವಳು ನಗು ತಡೆಯುತ್ತಿದ್ದಳು. ಆಗ ಅವನು ಮತ್ತೂ ಗಂಭೀರವಾಗಿ ಮುಖ ಮಾಡುತ್ತಿದ್ದ.

ವಸಂತದಲ್ಲಿ ಅವನ ಚಿಕ್ಕಮ್ಮ ಸಿಹಿ ತಿಂಡಿಯ ಪೆಟ್ಟಿಗೆ ಹಿಡಿದು ಅರ್ಗವಾನಳ ಮನೆಗೆ ಹೆಣ್ಣು ಕೇಳಲು ಬಂದರು. ಫೊರೂದ್ ಬೀದಿಯಲ್ಲೇ ಕಾರಿಗೆ ಒರಗಿ ನಿಂತಿದ್ದ. ಒಳಗಿನಿಂದ ಅರ್ಗವಾನಳ ಅಳು ಬೆರೆತ ಕೂಗು ಅವನ ಕಿವಿಗೂ ಬಿತ್ತು.

“ಬೇಡಮ್ಮ! ಆ ರಕ್ತದಲ್ಲಿ ಮಕ್ಕಳು ಹುಟ್ಟೋದೇ ಬೇಡ!”

ಯಾರ ರಕ್ತ ಎಂದು ಅವನು ಕೇಳಲಿಲ್ಲ. ಕೇಳುವುದಕ್ಕೆ ಏನಿದೆ ಎಂದುಕೊಂಡ.

ಮಾರನೆಯ ದಿನದಿಂದ ಪಿಸುಮಾತು ನಿಂತಿತು. “ಸಲಾಂ”, “ಖುದಾ ಹಾಫಿಜ್”... ಅಷ್ಟೇ. ಅವಳು ತಲೆ ತಗ್ಗಿಸಿ ನೊಣಗಳನ್ನು ಎಣಿಸುತ್ತಿದ್ದಳು.

ಬೇಸಿಗೆ ಸುಡತೊಡಗಿತು. ಒಂದು ಶುಕ್ರವಾರ, ವಿಶ್ವವಿದ್ಯಾಲಯಕ್ಕೆ ವಾರದ ರಜೆ. ಬೆಳಗ್ಗೆಯೇ ಕರೆಂಟು ಹೋಯಿತು, ಮಧ್ಯಾಹ್ನವಾದರೂ ಬರಲಿಲ್ಲ. ತಂಪು ತಪ್ಪಿದರೆ ನೊಣಗಳು ಉಳಿಯುವುದಿಲ್ಲ, ವರ್ಷಗಳ ಕೆಲಸ ಮಣ್ಣುಪಾಲು! ಅರ್ಗವಾನ್ ಟ್ಯಾಕ್ಸಿ ಹಿಡಿದು ಪ್ರಯೋಗಾಲಯಕ್ಕೆ ಓಡಿದಳು.

ನೊಣಗಳ ಕಪಾಟು ಖಾಲಿ! ಒಂದು ಸೀಸೆಯೂ ಇರಲಿಲ್ಲ.

ಫ್ರಿಜ್ಜಿನ ಬೀಗ ತೆರೆದಿತ್ತು. ಮಾರ್ಫಿನ್ ಬಾಟಲಿಯೂ ಇರಲಿಲ್ಲ.

ಫೊರೂದ್‌ನ ಫೋನು ಹತ್ತಲಿಲ್ಲ. ವಸೂಖಿಯವರಿಗೆ ಫೋನು ಮಾಡಿದಳು.

“ಮಾರ್ಫಿನ್ ಕಾಣೆಯಾದ್ರೆ ನಾನು ಭದ್ರತೆಯವರಿಗೆ ತಿಳಿಸಲೇಬೇಕು ಅರ್ಗವಾನ್. ಹಳೇದೆಲ್ಲ ಕೆದಕ್ತಾರೆ. ಅವನ ಓದು ಅಲ್ಲಿಗೆ ಮುಗೀತು.”

“ಸ್ವಲ್ಪ ತಡೀರಿ ಡಾಕ್ಟರ್! ನಾನು ಹುಡುಕ್ತೀನಿ. ದಯವಿಟ್ಟು...”

ಹಳೆಯ ಪೇಟೆಯ ಮಣ್ಣಿನ ಓಣಿಗಳಲ್ಲಿ ಅವಳು ಫೊರೂದ್‌ನ ಮನೆಯತ್ತ ಓಡಿದಳು. ತಲೆ ಮೇಲಿನ ಚಾದರ ಜಾರುತ್ತಿತ್ತು, ಬೆವರು ಕಣ್ಣಿಗಿಳಿಯುತ್ತಿತ್ತು. ಮನಸ್ಸಿನಲ್ಲಿ ಅದೇ ಚಿತ್ರ: ಮೂಲೆಗೆ ಒರಗಿ ಕುಸಿದ ಮನುಷ್ಯ, ಅರ್ಧ ಮುಚ್ಚಿದ ರೆಪ್ಪೆ, ನೆಲಕ್ಕೆ ಚೆಲ್ಲಿದ ಚಹಾ... ಇದನ್ನೆಲ್ಲ ಅವಳು ಹಿಂದೆ ಕಂಡಿದ್ದಳು. ‘ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ, ದೇವರೇ!’

ಬಾಗಿಲು ತೆಗೆದದ್ದು ಫೊರೂದ್‌ನ ಅಜ್ಜಿ, ಬೀಬಿ.

“ಫೊರೂದಾ? ಬೆಳಗ್ಗೆ ನೆಲಮಾಳಿಗೆಗೆ ಇಳಿದವನು ಮೇಲೆ ಬಂದೇ ಇಲ್ಲ ಮಗಳೇ. ಕೂಗಿದ್ರೂ ಓ ಅನ್ನಲ್ಲ.”

ಅರ್ಗವಾನ್ ಒಳಗೆ ನುಗ್ಗಿದಳು. ಗೋಡೆ ಹಿಡಿದು ಕತ್ತಲ ಮೆಟ್ಟಿಲಿಳಿದಳು. ಇಳಿದಷ್ಟೂ ತಂಪು. ಕೆಳಗೆ ಗೋಡೆಗೊರಗಿ, ತಲೆ ವಾಲಿಸಿ ಅವನು ಕೂತಿದ್ದ. ಕಣ್ಣು ಮುಚ್ಚಿತ್ತು.

“ಫೊರೂದ್!”

ಅವನು ಬೆಚ್ಚಿ ಎದ್ದ. ನಿದ್ದೆಗಣ್ಣು, ಅಷ್ಟೇ! ಅವನ ಸುತ್ತ ಸಾಲಾಗಿ ಜೋಡಿಸಿದ ಗಾಜಿನ ಸೀಸೆಗಳು. ಒಳಗೆ ನೊಣಗಳು ಚುರುಕಾಗಿ ಹರಿದಾಡುತ್ತಿದ್ದವು.

“ಇಲ್ಲಿ ತಂಪಿರುತ್ತೆ ಅಂತ ಎಲ್ಲ ಸೀಸೆಗಳನ್ನೂ ಹೊತ್ತು ತಂದೆ. ಸುಸ್ತಾಗಿ ಹಾಗೇ ಕಣ್ಣು ಹತ್ತಿತು. ಇಲ್ಲಿ ಫೋನು ಸಿಗಲ್ಲ... ನೀವು ಯಾಕೆ ಅಳ್ತಿದ್ದೀರಿ?”

“ಮಾರ್ಫಿನ್ ಎಲ್ಲಿ?”

ಅವನ ಮುಖ ಬಿಳಿಚಿಕೊಂಡಿತು. “ಓಹೋ... ಅದಕ್ಕೆ ಬಂದ್ರಾ?”

“ಎಲ್ಲಿದೆ ಹೇಳಿ!”

“ಕೆಟ್ಟುಹೋಗುತ್ತೆ ಅಂತ ಅದನ್ನೂ ತಂದೆ. ದಾರಿಯುದ್ದಕ್ಕೂ ಕೈ ನಡುಗ್ತಾ ಇತ್ತು, ಸುಳ್ಳು ಹೇಳಲ್ಲ. ನನ್ನನ್ನ ನಾನೇ ನಂಬಲಿಲ್ಲ. ಬೀಬಿ ಕೈಗೆ ಕೊಟ್ಟೆ.”

ಮೆಟ್ಟಿಲ ಮೇಲಿಂದ ಬೀಬಿಯ ದನಿ ಬಂತು. “ಇಲ್ಲೇ ಬಾವಿಯ ತಣ್ಣೀರು ತುಂಬಿದ ಕೊಡದಲ್ಲಿ ಮುಳುಗಿಸಿ, ಅದರ ಪಕ್ಕದಲ್ಲೇ ಕೂತಿದ್ದೀನಿ! ಇವನು ಕೇಳಿದ್ರೂ ಕೊಡಬೇಡ ಅಂತ ಇವನೇ ಆಣೆ ಹಾಕಿಸಿದ್ದಾನೆ.”

ಅರ್ಗವಾನ್ ಕೂಡಲೇ ಮೇಲೆ ಹತ್ತಿ, ಬಾಟಲಿಯನ್ನು ಕಣ್ಣಾರೆ ನೋಡಿ, ವಸೂಖಿಯವರಿಗೆ ತಿಳಿಸಿದಳು. ಮತ್ತೆ ಇಳಿದು ಬಂದು, ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ನಂಬಿಕೆ ಇಲ್ಲ ಅಂತ ಗೊತ್ತು,” ಅವನೆಂದ. “ನನ್ನ ರಕ್ತ ಅಂಥದ್ದು. ನೀವೇ ಹೇಳಿದ್ರಲ್ಲ.”

“ಯಾವಾಗ?”

“ಚಿಕ್ಕಮ್ಮ ಬಂದ ದಿನ. ನಾನು ಹೊರಗೇ ಇದ್ದೆ.”

ಅವಳು ತಲೆ ಎತ್ತಿದಳು.

“ಅಯ್ಯೋ... ನಾನು ನನ್ನ ರಕ್ತದ ಮಾತಾಡಿದ್ದು! ನಮ್ಮಪ್ಪ ಅಫೀಮಲ್ಲೇ ಸತ್ತರು, ಫೊರೂದ್. ಎಲ್ಲರಿಗೂ ಹೃದಯಾಘಾತ ಅಂತ ಹೇಳಿದ್ವಿ. ನಾನೂ ಅದನ್ನೇ ಹೇಳ್ತಾ ಬಂದೆ. ಆ ಜೀನ್ ನನ್ನಲ್ಲೂ ಇದ್ರೆ? ಹುಟ್ಟೋ ಮಗುಗೂ ಇದ್ರೆ?”

ಫೊರೂದ್ ಅವಳತ್ತ ತಿರುಗಿದ.

“ನೀವು ಹೆದರಿದ್ದು... ನನಗಲ್ವಾ?”

“ನನಗೆ ನಾನೇ ಹೆದರಿದ್ದು.”

ಅವನು ಬಂದು, ಅವಳಿಗಿಂತ ಕೆಳಗೆ, ನೆಲದ ಮೇಲೆ ಕೂತ. “ಅದೇ ಜೀನ್ ಇರೋ ನೊಣಗಳಲ್ಲೇ ಎಷ್ಟೋ ಬರೀ ಸಕ್ಕರೆ ನೀರಿಗೆ ಹೋಗ್ತವೆ. ಕಂಡುಹಿಡಿದದ್ದು ನೀವೇ. ನೊಣಕ್ಕೆ ಕೊಟ್ಟ ಅವಕಾಶ ನಿಮಗೆ ನೀವು ಕೊಡಲ್ವಾ?”

ಅವಳ ಕಣ್ಣೀರು ಈಗ ಬೇರೆಯದೇ ಆಗಿತ್ತು.

“ಭಯ ಹೋಗಲ್ಲ, ಫೊರೂದ್.”

“ನಂದೂ ಹೋಗಿಲ್ಲ. ಬೆಳಗ್ಗೆ ನೋಡಿದ್ದೀನಲ್ಲ. ಇಬ್ಬರೂ ಸೇರಿ ಹೆದರೋಣ, ಅರ್ಗವಾನ್.”

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರಿನ ಜೊತೆ ‘ಖಾನಂ’ ಎಂಬ ಗೌರವದ ಮಾತು ಇರಲಿಲ್ಲ.

“ಚಿಕ್ಕಮ್ಮನ್ನ ಮತ್ತೆ ಕಳಿಸಲಾ?” ಅವನು ಮೆಲ್ಲಗೆ ಕೇಳಿದ.

“ಬೇಡ,” ಎಂದು ಅವಳು ಮೂಗು ಒರೆಸಿಕೊಂಡಳು. “ಈ ಸಲ ನೀನೇ ಬಾ. ಬೀದಿಯಲ್ಲಿ ನಿಲ್ಲಬೇಡ... ಒಳಗೆ ಬಾ.”