ಬಾಟ್ಲಿ ಮೇಜಿನ ಮೇಲೇ ಇತ್ತು

"ನೀರಿಗೇ ಬೆಂಕಿ ಹತ್ತಿತು ನೋಡ್ರೋ!"

ಧರ್ಮಪ್ಪ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿದ. ಪಿಂಗಾಣಿ ಬೋಗುಣಿಯ ನೀರಿನ ಮೇಲೆ ಬೂದು ಬಣ್ಣದ ಸಣ್ಣ ಚೂರೊಂದು ಬುಸುಗುಡುತ್ತ ಅತ್ತಿಂದಿತ್ತ ಓಡುತ್ತಿತ್ತು. ಓಡುತ್ತ ಓಡುತ್ತ ಹಳದಿ ಉರಿ ಕಾರಿ, ಟಪ್ಪನೆ ಸಿಡಿದು ಮಾಯವಾಯಿತು.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಜಡೆ ಊರಿನ ಹಾಲಮ್ಮ ಮಾತ್ರ ಚಪ್ಪಾಳೆಯನ್ನೂ ಮರೆತು ಬಾಯಿ ತೆರೆದುಕೊಂಡು ನಿಂತಿದ್ದಳು.

"ಇದರ ಹೆಸರು ಸೋಡಿಯಂ," ಎಂದರು ಬೆನಕಪ್ಪ ಮೇಷ್ಟ್ರು, ಕೈಯಲ್ಲಿದ್ದ ಬಾಟ್ಲಿ ಎತ್ತಿ ತೋರಿಸಿ. "ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರಬೇಕು. ಇಲ್ಲದಿದ್ದರೆ ಸುಮ್ಮನೆ ಕೂರೋದಿಲ್ಲ, ನಮ್ಮ ಧರ್ಮಪ್ಪನ ಹಾಗೆ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಧರ್ಮಪ್ಪನೇ.

ಅದು ಐವತ್ತೆಂಟನೇ ಇಸವಿಯ ಬೇಸಿಗೆ ರಜೆ. ಶಿಕಾರಿಪುರದ ಹೊರಗಿದ್ದ ವಿದ್ಯಾಪೀಠದಲ್ಲಿ ಮಕ್ಕಳಿಗೆ ಹತ್ತು ದಿನದ ಶಿಬಿರ. ದೊಡ್ಡ ಹುಡುಗರೆಲ್ಲ ಊರಿಗೆ ಹೋಗಿದ್ದರಿಂದ ಹಾಸ್ಟೆಲು ಖಾಲಿ ಇತ್ತು. ಸೊರಬದ ಕಡೆಯ ಮಕ್ಕಳನ್ನು ಅಲ್ಲಿನ ಶಾಲೆಯ ರಾಜೇಶ್ವರಮ್ಮ ಅಕ್ಕೋರು ಬಸ್ಸಿನಲ್ಲಿ ಕರೆತಂದಿದ್ದರು. ಕುಬಟೂರಿನ ಧರ್ಮಪ್ಪನೂ ಹಾಲಮ್ಮನೂ ಗೆಳೆಯರಾಗಿದ್ದು ಆ ಬಸ್ಸಿನಲ್ಲೇ. ಅವನು ಕಿಟಕಿಯ ಸೀಟು ಬಿಟ್ಟುಕೊಟ್ಟಿದ್ದ, ಇವಳು ಚಕ್ಕುಲಿ ಕೊಟ್ಟಿದ್ದಳು.

ಬೆನಕಪ್ಪ ಮೇಷ್ಟ್ರು ವಿದ್ಯಾಪೀಠದಲ್ಲಿ ವಿಜ್ಞಾನ ಹೇಳಿಕೊಡುವವರು. ಎರಡನೇ ದಿನಕ್ಕೇ ಎಲ್ಲ ಮಕ್ಕಳ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ಸಾಯಂಕಾಲ ಪ್ಯಾಂಟು ಮಡಚಿಕೊಂಡು ಮಕ್ಕಳ ಜೊತೆ ಲಗೋರಿ ಆಡುತ್ತಿದ್ದರು. ಇಂಥ ಮೇಷ್ಟ್ರು ಲೋಕದಲ್ಲೇ ಇಲ್ಲ ಎಂದು ಹಾಲಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು.

ಅಷ್ಟರಲ್ಲಿ ಜವಾನ ಸುಬ್ಬಪ್ಪ ಬಾಗಿಲಿಗೆ ಬಂದ. "ಸಾರ್, ಶಿವಮೊಗ್ಗದಿಂದ ಸಾಹೇಬ್ರು ಬಂದಾರೆ. ಕಾಫಿಗೆ ಕರೀತಾರೆ."

"ಯಾರೂ ಏನೂ ಮುಟ್ಟಬೇಡಿ. ಐದೇ ನಿಮಿಷ," ಎಂದು ಹೇಳಿ ಮೇಷ್ಟ್ರು ಹೋದರು. ಯಾಕೆ ಮುಟ್ಟಬಾರದು ಎಂದು ಹೇಳಲಿಲ್ಲ. ಬಾಟ್ಲಿ ಮೇಜಿನ ಮೇಲೇ ಉಳಿಯಿತು.

ಐದು ನಿಮಿಷ ಆಯಿತು. ಹತ್ತಾಯಿತು. ಇಪ್ಪತ್ತಾಯಿತು. ಧರ್ಮಪ್ಪ ಮೇಜಿನ ಹತ್ತಿರ ಸುಳಿದಾಡತೊಡಗಿದ.

"ಏಯ್, ಎಂತ ಮಾಡ್ತಾ ಇದೀಯ?" ಎಂದಳು ಹಾಲಮ್ಮ.

"ಒಂದೇ ಒಂದು ಚೂರು ಕಣೇ. ನಮ್ಮೂರ ಕೆರೆಗೆ ಹಾಕಿ ನಮ್ಮ ತಂಗಿಗೆ ತೋರಿಸ್ತೀನಿ. ಹೆದರಿ ಓಡ್ತಾಳೆ ನೋಡು!"

ಇಕ್ಕಳದಿಂದ ಚೂರನ್ನು ತೆಗೆದು, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ, ಚಡ್ಡಿಯ ಜೇಬಿಗೆ ಇಳಿಸಿದ. ಅವನಿಗೆ ಇದ್ದದ್ದು ಎರಡೇ ಚಡ್ಡಿ. ಇದನ್ನು ಬೆಳಿಗ್ಗೆ ಒಗೆದು, ಪೂರ್ತಿ ಒಣಗುವ ಮೊದಲೇ ಹಾಕಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಅವನ ಮುಖ ಒಂಥರಾ ಆಯಿತು. "ಬಿಸಿ," ಎಂದ. ಆಮೇಲೆ ಕಿರುಚಿದ.

ಜೇಬಿನಿಂದ ಹೊಗೆ ಬಂತು. ಹೊಗೆಯ ಹಿಂದೆಯೇ ಉರಿ. ಮಕ್ಕಳು ಚೀರುತ್ತ ಬಾಗಿಲ ಕಡೆ ನುಗ್ಗಿದರು. ಹಾಲಮ್ಮ ಓಡಲಿಲ್ಲ. ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿ, ನೀರನ್ನೆಲ್ಲ ಅವನ ತೊಡೆಯ ಮೇಲೆ ಸುರಿದಳು.

ಉರಿ ಆರಲಿಲ್ಲ. ಭಗ್ಗೆಂದು ಅವಳ ಮುಖದೆತ್ತರಕ್ಕೆ ಎದ್ದಿತು.

ಬೋಗುಣಿ ಕೈಜಾರಿ ಒಡೆಯಿತು. ಸುಬ್ಬಪ್ಪ ಓಡಿಬಂದು ಧರ್ಮಪ್ಪನ ಚಡ್ಡಿಯನ್ನು ಕಿತ್ತು ಹೊರಗೆ ಎಸೆದ. ರಾಜೇಶ್ವರಮ್ಮ ಅಕ್ಕೋರು ಹುಡುಗನನ್ನು ಎತ್ತಿಕೊಂಡು ಸಾಹೇಬರ ಜೀಪಿನ ಕಡೆ ಓಡಿದರು. ಜೀಪು ಗೇಟು ದಾಟಿ ಮರೆಯಾಯಿತು. ಹಾಲಮ್ಮ ನಿಂತಲ್ಲೇ ನಿಂತಿದ್ದಳು.

ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. 'ನಾನು ನೀರು ಹಾಕಿದೆ. ನಾನೇ ಸುಟ್ಟೆ.' ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಹಾಸ್ಟೆಲಿನ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತಿದ್ದಾಗ ಬೆನಕಪ್ಪ ಮೇಷ್ಟ್ರು ಬಂದು ಪಕ್ಕದಲ್ಲಿ ಕುಳಿತರು. ಅವರ ಕೈ ನಡುಗುತ್ತಿತ್ತು.

"ಹಾಲಮ್ಮ, ನೀನು ಜಾಣೆ. ಧರ್ಮಪ್ಪನ ಅಪ್ಪ ಬರ್ತಾ ಇದಾರೆ. ಪ್ರಿನ್ಸಿಪಾಲರು ನಿನ್ನನ್ನ ಕೇಳಿದರೆ, ಬಾಟ್ಲಿ ಬೀರುವಿನಲ್ಲಿತ್ತು, ಧರ್ಮಪ್ಪನೇ ಬಾಗಿಲು ತೆಗೆದ ಅನ್ನು. ಆಯ್ತಾ?"

ಹಾಲಮ್ಮನಿಗೆ ಅರ್ಥವಾಗಲಿಲ್ಲ. "ಬಾಟ್ಲಿ ಮೇಜಿನ ಮೇಲಿತ್ತಲ್ಲ ಸಾರ್?"

ಮೇಷ್ಟ್ರು ಅತ್ತಿತ್ತ ನೋಡಿದರು. ಧ್ವನಿ ತಗ್ಗಿಸಿದರು.

"ನೀನು ನೀರು ಹಾಕಿದ್ದರಿಂದಲೇ ಉರಿ ಹೆಚ್ಚಾಗಿದ್ದು, ಗೊತ್ತಾ? ಅದನ್ನ ನಾನು ಯಾರಿಗೂ ಹೇಳೋದಿಲ್ಲ. ನಿಮ್ಮ ಅಪ್ಪನಿಗೂ ಹೇಳೋದಿಲ್ಲ. ಇದು ನಮ್ಮಿಬ್ಬರಲ್ಲೇ ಇರಲಿ."

ಅವರು ಎದ್ದು ಹೋದರು. ಹಾಲಮ್ಮನಿಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಗಿತ್ತು. ಹೊಡೆಸಿಕೊಂಡಿದ್ದರೆ ಅಳುವಾದರೂ ಬರುತ್ತಿತ್ತು. ಈಗ ಅದೂ ಬರಲಿಲ್ಲ.

ನಾಲ್ಕು ಗಂಟೆಗೆ ಸುಬ್ಬಪ್ಪ ಅವಳನ್ನು ಆಫೀಸು ರೂಮಿಗೆ ಕರೆದುಕೊಂಡು ಹೋದ. ದೊಡ್ಡ ಮೇಜಿನ ಹಿಂದೆ ಪ್ರಿನ್ಸಿಪಾಲರು. ಒಂದು ಪಕ್ಕದಲ್ಲಿ ಆಸ್ಪತ್ರೆಯಿಂದ ವಾಪಸಾದ ಅಕ್ಕೋರು, ಇನ್ನೊಂದು ಪಕ್ಕದಲ್ಲಿ ಬೆನಕಪ್ಪ ಮೇಷ್ಟ್ರು. ಬಾಗಿಲ ಹತ್ತಿರ ಧರ್ಮಪ್ಪನ ಅಪ್ಪ ಯಲ್ಲಪ್ಪ ನಿಂತಿದ್ದರು. ಉಳುಮೆಯ ನಡುವೆಯೇ ಎದ್ದು ಬಂದಿದ್ದರು; ಕಾಲಿನ ಮಣ್ಣು ಹಾಗೇ ಇತ್ತು. ಕುರ್ಚಿ ಕೊಟ್ಟರೂ ಕೂತಿರಲಿಲ್ಲ.

"ಬೀರುವಿಗೆ ಕೈ ಹಾಕಿ ಕದ್ದಾನೆ ಅಂತ ಮೇಷ್ಟ್ರು ಹೇಳಿದ್ರು," ಎಂದು ಯಲ್ಲಪ್ಪ ತಲೆತಗ್ಗಿಸಿ ಹೇಳುತ್ತಿದ್ದರು. ಎರಡೂ ಕೈ ಜೋಡಿಸಿದರು. "ನಮ್ಮ ಹುಡುಗನದು ತಪ್ಪಾತ್ರೀ ಸ್ವಾಮಿ. ಸ್ವಲ್ಪ ತುಂಟ. ನಿಮಗೆಲ್ಲ ತೊಂದರೆ ಕೊಟ್ಟ. ಹೊಟ್ಟೆಗೆ ಹಾಕ್ಕೊಳ್ರಿ."

ಹಾಲಮ್ಮ ಆ ಜೋಡಿಸಿದ ಕೈಗಳನ್ನೇ ನೋಡಿದಳು. ಮಗ ಅಲ್ಲಿ ಸುಟ್ಟುಕೊಂಡು ಮಲಗಿದ್ದಾನೆ, ಅಪ್ಪ ಇಲ್ಲಿ ಕ್ಷಮೆ ಕೇಳುತ್ತಿದ್ದಾರೆ! ಬೆನಕಪ್ಪ ಮೇಷ್ಟ್ರು ಏನಾದರೂ ಹೇಳುತ್ತಾರೆಂದು ಕಾದಳು. ಅವರು ನೆಲ ನೋಡುತ್ತಿದ್ದರು.

"ನೀನು ಅಲ್ಲೇ ಇದ್ದೆಯಂತೆ. ಏನಾಯಿತು ಮಗು?" ಎಂದು ಪ್ರಿನ್ಸಿಪಾಲರು ಕೇಳಿದರು.

ಹಾಲಮ್ಮ ಮೇಜಿನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟಳು.

"ಬಾಟ್ಲಿ ಮೇಜಿನ ಮೇಲೇ ಇತ್ತು ಸಾರ್. ಬೀರು ಯಾರೂ ತೆಗೀಲಿಲ್ಲ. ಧರ್ಮಪ್ಪ ಒಂದು ಚೂರು ತಗೊಂಡ." ಉಸಿರು ಎಳೆದುಕೊಂಡಳು. "ನೀರು ಹಾಕಿದ್ದು ನಾನು. ಬೆಂಕಿ ಆರುತ್ತೆ ಅಂದ್ಕೊಂಡೆ. ಹೆಚ್ಚಾಯ್ತು. ನಾನೇ ಸುಟ್ಟೆ ಸಾರ್."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಗ ಮಕ್ಕಳ ಜೊತೆ ಯಾರಿದ್ದರು?"

"ಯಾರೂ ಇರಲಿಲ್ಲ ಸಾರ್."

"ಎಷ್ಟು ಹೊತ್ತು?"

ಹಾಲಮ್ಮ ಬಾಯಿ ತೆರೆಯುವಷ್ಟರಲ್ಲಿ ಬೆನಕಪ್ಪ ಮೇಷ್ಟ್ರೇ ಹೇಳಿದರು. "ಅರ್ಧ ಗಂಟೆ ಸಾರ್. ನಾನು ಬಾಟ್ಲಿ ಅಲ್ಲೇ ಬಿಟ್ಟು ಹೋಗಿದ್ದೆ. ನೀರು ಹಾಕಬಾರದು ಅಂತಲೂ ಮಕ್ಕಳಿಗೆ ಹೇಳಿರಲಿಲ್ಲ."

ಯಲ್ಲಪ್ಪ ಜೋಡಿಸಿದ್ದ ಕೈಗಳನ್ನು ನಿಧಾನವಾಗಿ ಕೆಳಗಿಳಿಸಿದರು. ಮೇಷ್ಟ್ರ ಕಡೆ ನೋಡಲಿಲ್ಲ. ಹಾಲಮ್ಮನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು.

"ಬೆಂಕಿ ಕಂಡ್ರೆ ನೀರು ಹಾಕದೆ ಮತ್ತೇನು ಹಾಕ್ತಾರವ್ವಾ? ನಾನಿದ್ರೂ ಅದನ್ನೇ ಹಾಕ್ತಿದ್ದೆ."

ಬೆಳಗಿನಿಂದ ಎಲ್ಲೋ ಸಿಕ್ಕಿಕೊಂಡಿದ್ದ ಅಳು ಆಗ ಬಂತು. ಅಕ್ಕೋರು ಬಂದು ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಯಲ್ಲಪ್ಪ ಎದ್ದು ನಿಂತು ಪ್ರಿನ್ಸಿಪಾಲರಿಗೆ ಹೇಳಿದರು: "ನಾವು ಹೊಲಕ್ಕೆ ಹೋಗೋವಾಗ ಮಕ್ಕಳನ್ನ ಯಾರಾದ್ರೂ ದೊಡ್ಡೋರ ಕೈಲಿ ಒಪ್ಪಿಸಿ ಹೋಗ್ತೀವ್ರೀ. ಇಲ್ಲಿಗೂ ಹಂಗೇ ಒಪ್ಪಿಸಿದ್ವಿ."

ಪ್ರಿನ್ಸಿಪಾಲರು ತಲೆ ಎತ್ತಲಿಲ್ಲ. "ಹೌದು," ಎಂದರು. ಆಮೇಲೆ ಮತ್ತೊಂದು ಸಲ, "ಹೌದು," ಎಂದರು.

ಮರುದಿನ ಪ್ರಯೋಗಶಾಲೆಗೆ ಬೀಗ ಬಿದ್ದಿತ್ತು. ಶಿಬಿರ ನಿಲ್ಲಲಿಲ್ಲ. ಆದರೆ ಮಕ್ಕಳು ಎಲ್ಲಿಗೆ ಹೋದರೂ ಇಬ್ಬರು ದೊಡ್ಡವರು ಜೊತೆಗಿರುತ್ತಿದ್ದರು. ಬೆನಕಪ್ಪ ಮೇಷ್ಟ್ರನ್ನು ಶಿಬಿರದ ಕೆಲಸದಿಂದ ಬಿಡಿಸಿದ್ದರು.

ಅಕ್ಕೋರು ಹಾಲಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಧರ್ಮಪ್ಪನ ತೊಡೆಗೆ ದಪ್ಪ ಬ್ಯಾಂಡೇಜು. ಗಾಯ ಮಾಯಲು ಒಂದು ತಿಂಗಳು ಬೇಕು, ಕಲೆ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು.

"ನೀರು ಹಾಕಿದ್ದು ನಾನು ಕಣೋ," ಎಂದಳು ಹಾಲಮ್ಮ, ಮಂಚದ ಕಂಬಿ ಹಿಡಿದುಕೊಂಡು.

"ಗೊತ್ತು. ಬೇರೆಯವರೆಲ್ಲ ಓಡಿಹೋದ್ರಲ್ಲ." ಧರ್ಮಪ್ಪ ಸಣ್ಣಗೆ ಕೇಳಿದ. "ಬೆನಕಪ್ಪ ಮೇಷ್ಟ್ರಿಗೆ ನನ್ನ ಮೇಲೆ ಸಿಟ್ಟು ಬಂತಾ?"

ಮೆಟ್ಟಿಲ ಮೇಲೆ ತನ್ನ ಪಕ್ಕದಲ್ಲಿ ನಡುಗುತ್ತಿದ್ದ ಆ ಕೈ ಹಾಲಮ್ಮನ ಕಣ್ಣಮುಂದೆ ಬಂತು.

"ಇಲ್ಲ," ಎಂದಳು. "ಅವರಿಗೆ ಹೆದರಿಕೆ ಆಗಿತ್ತು."

"ಮೇಷ್ಟ್ರಿಗಾ? ಅಷ್ಟು ದೊಡ್ಡೋರಿಗಾ?"

"ಹ್ಞೂಂ. ನಮಗಿಂತ ಜಾಸ್ತಿ."

ಧರ್ಮಪ್ಪ ನಂಬಲಾರದವನಂತೆ ಅವಳ ಮುಖ ನೋಡಿದ. ಹಾಲಮ್ಮ ಮಂಚದ ತುದಿಯಲ್ಲಿ, ಅವನ ಕಾಲಿಗೆ ತಾಗದ ಹಾಗೆ, ಮೆಲ್ಲಗೆ ಕುಳಿತುಕೊಂಡಳು.