ಡಿಕ್ಕಿಯೊಳಗಿನ ಹಸಿರು

ಬಾನೆಟ್ ಎತ್ತಿ ನೋಡಿದವನ ಮುಖ ಸಪ್ಪಗಾಯಿತು.

ಹೊರಗೆ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಿಳಿಹಸಿರು, ಅಮ್ಮ ಸದಾ ಹೇಳುತ್ತಿದ್ದ ಅದೇ ಹಸಿರು. ಬಾನೆಟ್ಟಿನ ಒಳಗೆ ಮಾತ್ರ ಮಂಕು. ಬಣ್ಣ ಹಿಟ್ಟು ಉದುರಿಸಿದಂತೆ ತೆಳ್ಳಗೆ ಕೂತಿತ್ತು. ಮೂಲೆಗಳಲ್ಲಿ ಅಡಿಯ ಕೆಂಪು ಪ್ರೈಮರ್ ಇಣುಕುತ್ತಿತ್ತು.

"ಕಾಣೋ ಕಡೆ ಮಾತ್ರ ಕೆಲಸ ಮಾಡಿದ್ದೀರಾ," ಎಂದುಬಿಟ್ಟ. "ಇನ್ನು ಹತ್ತು ದಿನಕ್ಕೆ ಹಳೇ ಕಾರುಗಳ ಸ್ಪರ್ಧೆ. ಮೂರು ತಿಂಗಳಿಂದ ನಿಮ್ಮನ್ನ ನಂಬಿ ಕೂತಿದ್ದೀನಿ."

ಅವನು ಶಾಲೆಯಲ್ಲಿ ಲೆಕ್ಕ ಕಲಿಸುವವನು; ಈ ಪೇಂಟಿಂಗ್ ಶೆಡ್ಡಿನಲ್ಲಿ ಎಲ್ಲರಿಗೂ ಮೇಷ್ಟ್ರು. ಕಾರು ಅವನ ಅಮ್ಮನದು. ಡಾಕ್ಟರಮ್ಮ ಇಪ್ಪತ್ತು ವರ್ಷ ಅದರಲ್ಲೇ ರೋಗಿಗಳ ಮನೆಮನೆಗೆ ಓಡಾಡಿದ್ದರು. ಅದು ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗೇ ಅವರಿಗೆ ತೋರಿಸಬೇಕೆಂಬುದು ಅವನ ಹಟ.

ಸ್ಪ್ರೇ ಗನ್ ತೊಳೆಯುತ್ತಿದ್ದ ಪೇಂಟರ್ ಹುಡುಗಿ ಅದನ್ನು ಕೆಳಗಿಟ್ಟಳು. ಟಾರ್ಚ್ ತೆಗೆದುಕೊಂಡಳು. "ಬನ್ನಿ," ಎಂದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದಳು. ಅವನೂ ಬಗ್ಗಿದ. ಇಬ್ಬರ ತಲೆಗಳೂ ಡಿಕ್ಕಿ ಹೊಡೆದವು.

"ಇದು ಕಂಪನಿಯವರೇ ಹೊಡೆದದ್ದು. ಇವತ್ತಿನವರೆಗೂ ಬಿಸಿಲು ಕಂಡಿಲ್ಲ. ಸರಿಯಾಗಿ ನೋಡಿ."

ಬೆಳಕು ಬಿದ್ದಲ್ಲಿ ಅದೇ ತೆಳು ಬಣ್ಣ, ಅದೇ ಮಂಕು, ಅಡಿಯಲ್ಲಿ ಅದೇ ಕೆಂಪು.

"ಆಗ ಕಂಪನೀಲಿ ಹೊರಗೆ ಮೂರು ಕೋಟ್, ಪಾಲಿಶ್. ಒಳಗೆ ಒಂದೇ ಕೋಟ್, ಅದೂ ಗಡಿಬಿಡೀಲಿ. ಆ ಗಡಿಬಿಡಿ ತರೋಕೆ ನಾಲ್ಕು ಸಲ ಕೆರೆದು ಹೊಡೆದಿದ್ದೀನಿ. ಹೊಳಪೇ ಬೇಕಿದ್ರೆ ಅರ್ಧ ದಿನದ ಕೆಲಸ. ಆದ್ರೆ ಅದು ನಿಮ್ಮಮ್ಮನ ಕಾರಾಗಲ್ಲ."

ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. "ತಪ್ಪಾಯ್ತು."

"ಲೆಕ್ಕದ ಮೇಷ್ಟ್ರು ಉತ್ತರ ಓದದೇನೇ ಗೀಟು ಹಾಕಿದ್ರಿ," ಎಂದಳು. ತುಟಿಯಂಚಿನಲ್ಲಿ ನಗು ಇತ್ತು.

ಕಾರಿನ ಹಿಂದಿನ ಡಿಕ್ಕಿಯ ಕೆಲಸ ಇನ್ನೂ ಬಾಕಿ ಇತ್ತು. ಅಂದಿನಿಂದ ಶಾಲೆ ಬಿಟ್ಟೊಡನೆ ಅವನ ಕಾಲು ತಾನಾಗಿಯೇ ಶೆಡ್ಡಿನ ಹಾದಿ ಹಿಡಿಯುತ್ತಿತ್ತು. ಅವಳು ಹಸಿರಿಗೆ ಒಂದೊಂದೇ ಹನಿ ಕಪ್ಪು ಬೆರೆಸಿ, ಕಾರ್ಡಿನ ಮೇಲೆ ಬಳಿದು, ನೆರಳಿಗೂ ಬಿಸಿಲಿಗೂ ಹಿಡಿದು ನೋಡುತ್ತಿದ್ದಳು. ಅವಳ ಕಿವಿಯ ಪಕ್ಕ ಸಾಸಿವೆಯಷ್ಟು ಹಸಿರು ಅಂಟಿರುತ್ತಿತ್ತು. ಹೇಳಿದರೆ ಒರೆಸಿಬಿಟ್ಟಾಳು ಎಂದು ಅವನು ಹೇಳುತ್ತಿರಲಿಲ್ಲ.

"ಏನು ನೋಡ್ತಿದ್ದೀರಾ?"

"ಬಣ್ಣ."

"ಕಾರು ಆ ಕಡೆ ಇದೆ, ಮೇಷ್ಟ್ರೇ."

ಸ್ಪರ್ಧೆಯ ದಿನ ಮೈದಾನದ ತುಂಬ ಮಿರಮಿರ ಮಿಂಚುವ ಕಾರುಗಳು. ಕಿರಿಯ ತೀರ್ಪುಗಾರ ಡಿಕ್ಕಿಯೊಳಗೆ ಇಣುಕಿ ಮೂಗು ಮುರಿದ. "ಪೇಂಟಿಂಗ್ ಅಪೂರ್ಣ," ಎನ್ನುತ್ತಾ ಪೆನ್ನು ತೆಗೆದ.

ಪಕ್ಕದಲ್ಲಿ ನಿಂತಿದ್ದ ಪೇಂಟರ್ ಹುಡುಗಿಯ ಮುಖ ಬಿಳಿಚಿಕೊಂಡಿತು.

"ಅಪೂರ್ಣ ಅಲ್ಲ ಸರ್, ಕರೆಕ್ಟಾಗಿದೆ," ಎಂದು ಅವನು ಮುಂದೆ ಬಂದು ಸ್ಟೆಪ್ನಿ ಚಕ್ರ ಎತ್ತಿ ಹೊರಗಿಟ್ಟ. "ಇದರಡಿ ಅಂಗೈಯಗಲ ಜಾಗ ಇವರು ಮುಟ್ಟಿಲ್ಲ, ಅದು ಕಂಪನಿಯ ಬಣ್ಣ. ಸುತ್ತ ಇರೋದು ಇವರ ಕೆಲಸ. ಅದೆಲ್ಲಿ ಮುಗೀತು, ಇದೆಲ್ಲಿ ಶುರುವಾಯ್ತು, ನೀವೇ ತೋರಿಸಿ."

ಕಿರಿಯವನು ತಡಕಾಡಿದ. ಮುಖ್ಯ ತೀರ್ಪುಗಾರರು, ನರೆತ ತಲೆಯ ಹಿರಿಯರು, ಕನ್ನಡಕ ಏರಿಸಿ ಸೊಂಟದವರೆಗೆ ಡಿಕ್ಕಿಯೊಳಗೆ ಬಗ್ಗಿದರು. ಬೆರಳಾಡಿಸಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಇದು ಯಾರ ಕೈ?"

ಅವನು ಅವಳತ್ತ ತೋರಿಸಿದ.

"ಈ ಕಾರು ಮಾಡಿದ ಫ್ಯಾಕ್ಟರೀಲಿ ಮೂವತ್ತು ವರ್ಷ ಬಣ್ಣ ಹೊಡೆದವನು ನಾನು," ಎಂದರು ಹಿರಿಯರು. "ನಮ್ಮ ಗಡಿಬಿಡೀನ ಇಷ್ಟು ತಾಳ್ಮೆಯಿಂದ ಮಾಡಿದವರನ್ನ ಇವತ್ತೇ ನೋಡಿದ್ದು, ತಾಯೀ."

ಮೊದಲ ಬಹುಮಾನ ಹಸಿರು ಕಾರಿಗೆ ಎಂದು ಮೈಕಿನಲ್ಲಿ ಕೂಗಿದಾಗ ಡಾಕ್ಟರಮ್ಮ ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗ್ ಸವರುತ್ತಿದ್ದರು. "ನನ್ನ ಕಾರೇ ಕಣೋ ಇದು," ಎಂದು ಕಣ್ಣೊರೆಸಿಕೊಂಡರು. ಆಮೇಲೆ ದೂರದಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿ, "ಹೋಗು, ಬಹುಮಾನ ತಗೊಂಡು ಬಾ. ಒಬ್ಬನೇ ಬಂದೀಯ, ಜೋಕೆ," ಎಂದರು.

ಅವನು ಅವಳ ಮುಂದೆ ಹೋಗಿ ನಿಂತ. ಬಣ್ಣ ಹತ್ತಿದ ಕೈಗಳನ್ನು ಅವಳು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನೀವು ಹೋಗಿ. ಕಾರು ನಿಮ್ಮದು."

"ಕಾರು ಮುಗೀತು. ನಾಳೆ ಸ್ಕೂಲ್ ಬಿಟ್ಟ ಮೇಲೆ ಎಲ್ಲಿಗೆ ಹೋಗೋದು ಅಂತ ಬೆಳಿಗ್ಗೆಯಿಂದ ಯೋಚನೆ ಮಾಡ್ತಿದ್ದೀನಿ," ಎಂದ. "ನೀವಿಲ್ಲದ ಸಾಯಂಕಾಲ ನನಗೆ ಬೇಡ. ಒಂದೂ ಬೇಡ."

ಅವಳು ಅವನನ್ನೇ ದಿಟ್ಟಿಸಿದಳು.

"ಡಿಕ್ಕಿ ಕೆಲಸ ವಾರದ ಹಿಂದೆಯೇ ಮುಗಿಸಬಹುದಿತ್ತು," ಎಂದಳು ಮೆಲ್ಲಗೆ. "ನೀವು ಈ ಮಾತು ಹೇಳ್ತೀರೇನೋ ಅಂತ ದಿನಾ ಒಂದೊಂದೇ ಹನಿ ಬೆರೆಸ್ತಾ ಕೆಲಸ ಎಳೆದೆ."

ಮೈಕಿನಲ್ಲಿ ಎರಡನೇ ಸಲ ಕರೆದರು. ಅವಳು ಹಿಂದಿನಿಂದ ಕೈ ತೆಗೆದು ಅವನ ಕೈಯೊಳಗಿಟ್ಟಳು. ಎಲ್ಲರ ಕಣ್ಣೆದುರೇ ಇಬ್ಬರೂ ವೇದಿಕೆಯ ಕಡೆ ನಡೆದರು. ಅವರ ಬೆನ್ನಿಗೆ ಡಾಕ್ಟರಮ್ಮ ಉದ್ದಕ್ಕೆ ಹಾರ್ನ್ ಒತ್ತಿದರು.