ಬಿಸಿಲನ್ನು ಬಾಗಿಲಲ್ಲೇ ತಡೆಯಬೇಕು

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಕೃತಿ ಬರುತ್ತಾಳೆಂದರೆ ಎಂಟೂವರೆಯಿಂದಲೇ ಗುರುಚರಣನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಂದೂವರೆ ವರ್ಷದಿಂದ ಇದೇ ಪಾಡು. ಪಲ್ಲಾವರಂನ ಅವನ ಬಾಡಿಗೆ ಮನೆಯ ಮೂರು ಮಹಡಿ ಹತ್ತಿ ಟೆರೇಸಿಗೆ ಬಂದವಳು ನೇರ ಟೆಲಿಸ್ಕೋಪಿನ ಬಳಿ ಹೋಗುತ್ತಾಳೆ. ಸೂರ್ಯನ ಬಿಸಿಲು ತಡೆಯುವ ಫಿಲ್ಟರು, ತಟ್ಟೆಯಗಲದ ಗಾಜು, ಅದನ್ನು ಬೆಳಕಿಗೆ ಹಿಡಿದು ಗೀರು ಬಿದ್ದಿದೆಯೇ ನೋಡುತ್ತಾಳೆ. ಮುಂದಿನ ಲೆನ್ಸಿನ ಮೇಲೆ ಕೂರಿಸಿ ಮೂರೂ ಸ್ಕ್ರೂ ಬಿಗಿ ಮಾಡಿ, ಅಲ್ಲಾಡಿಸಿ ನೋಡಿ, ಮತ್ತೊಮ್ಮೆ ಅಲ್ಲಾಡಿಸುತ್ತಾಳೆ. ಅಲ್ಲಿಯವರೆಗೆ ಅವನ ಮುಖ ನೋಡುವುದಿಲ್ಲ.

ಕಾರಣವಿತ್ತು. ಒಂದೂವರೆ ವರ್ಷದ ಹಿಂದೆ ಈ ದೊಡ್ಡ ಫಿಲ್ಟರು ಇನ್ನೂ ಬಂದಿರಲಿಲ್ಲ. ಕೃತಿ ತನ್ನ ಪುಟ್ಟ ಟೆಲಿಸ್ಕೋಪಿನ ನಾಣ್ಯದಗಲದ ಫಿಲ್ಟರನ್ನು ತಂದು, ಈ ದೊಡ್ಡದರ ಕಣ್ಣಿಡುವ ತುದಿಗೆ ತಿರುಗಿಸಿ ಕೂರಿಸಿದ್ದಳು. ಪುಟ್ಟದರಲ್ಲಿ ಅದೃಷ್ಟಕ್ಕೆ ನಡೆದಿತ್ತು. ಸೂರ್ಯನನ್ನು ನೋಡುವವರು ಬಿಸಿಲನ್ನು ಬಾಗಿಲಲ್ಲೇ ತಡೆಯಬೇಕು. ಒಳಗೆ ಬಿಟ್ಟುಕೊಂಡು ಆಮೇಲೆ ತಡೆಯುತ್ತೇನೆಂದರೆ ಆಗದು. ದೊಡ್ಡ ಲೆನ್ಸು ಬಿಸಿಲನ್ನೆಲ್ಲ ಕೂಡಿಸಿ ಆ ಚೂರು ಗಾಜಿನ ಮೇಲೆ ಸುರಿಯಿತು, ಗಾಜು ಟಪ್ಪನೆ ಸೀಳಿತು. ಆಗ ಕಣ್ಣಿಟ್ಟಿದ್ದವನು ಗುರುಚರಣ. ಬಲಗಣ್ಣಿನ ನಡುವೆ ಅಂದು ಕೂತ ಬೂದು ಮಚ್ಚೆ ಇನ್ನೂ ಹೋಗಿಲ್ಲ. ರೈಲು ಓಡಿಸುತ್ತಿದ್ದವನನ್ನು ಆಫೀಸಿನ ಕುರ್ಚಿಗೆ ಹಾಕಿದರು.

ಕೃತಿಗೆ ಗೊತ್ತಿಲ್ಲದ್ದು ಇಷ್ಟು: ಅವಳು ಫಿಲ್ಟರನ್ನು ಹಿಂದೆ ಹಾಕುವುದನ್ನು ಅವನು ನೋಡಿದ್ದ. ಅದು ತಪ್ಪು ಜಾಗವೆಂದೂ ಗೊತ್ತಿತ್ತು. ಅವಳು ಮೊದಲ ಸಲ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದಳು. ತಪ್ಪೆಂದರೆ ಮುಖ ಸಣ್ಣ ಮಾಡಿಕೊಂಡಾಳೆಂದು ಸುಮ್ಮನಾದ. ಆಸ್ಪತ್ರೆಯಲ್ಲಿ ಅವಳು ಅತ್ತಾಗಲೂ ಸುಮ್ಮನಾದ. ಹೇಳಿದರೆ ಬರುವುದನ್ನೇ ಬಿಟ್ಟಾಳೆಂಬ ಭಯ. ಅವಳ ತಪ್ಪನ್ನೇ ಹಗ್ಗ ಮಾಡಿ ಭಾನುವಾರದಿಂದ ಭಾನುವಾರಕ್ಕೆ ಎಳೆದುಕೊಂಡ. ಎಂಥ ಹೇಡಿ ಕೆಲಸವೆಂದು ಅವನಿಗೇ ಗೊತ್ತಿತ್ತು.

ಇಂದು ಆಕಾಶ ಮಸುಕಾಗಿತ್ತು. ಮೋಡ ಸರಿದಾಗಷ್ಟೇ ಸೂರ್ಯ. ಟೆಲಿಸ್ಕೋಪಿನ ಚಿತ್ರ ಬರುವ ಲ್ಯಾಪ್‌ಟಾಪಿನ ತೆರೆ ಕಾಣಲೆಂದು ಇಬ್ಬರೂ ಒಂದೇ ಕಪ್ಪು ಬಟ್ಟೆಯನ್ನು ತಲೆ ಮೇಲೆ ಹೊದ್ದು ಕೂತರು. ಅವಳ ಕೂದಲಿನ ಮಲ್ಲಿಗೆ ಅವನ ಕೆನ್ನೆಗೆ ತಾಗುತ್ತಿತ್ತು.

"ಎಷ್ಟು ಕಲೆ ಇವತ್ತು ಸೂರ್ಯನ ಮೇಲೆ?"

"ಎರಡು. ಒಂದು ನಿಮ್ಮ ಇಡ್ಲಿ ಥರ, ಶೇಪೇ ಇಲ್ಲ."

"ತಿನ್ನುವಾಗ ಶೇಪ್ ಕೇಳ್ಲಿಲ್ಲ ನೀನು."

ಅವಳು ಓರೆಗಣ್ಣಲ್ಲಿ ನೋಡಿ ನಕ್ಕಳು. ಆ ನಗು ತುಟಿಯಲ್ಲಿ ಶುರುವಾಗಿ ಕಣ್ಣಿಗೆ ಬರುವಷ್ಟರಲ್ಲಿ ನಿಂತುಹೋಗುತ್ತಿತ್ತು. ಒಂದೂವರೆ ವರ್ಷದಿಂದ ಹಾಗೇ.

"ಗುರು, ಮನೇಲಿ ಹೇಳ್ಬಿಟ್ಟೆ."

"ಏನಂತ?"

"ನಿಮ್ಮನ್ನ ಮದುವೆ ಆಗ್ತೀನಂತ. ಅಮ್ಮ ಓಕೆ ಅಂದ್ರು. ಅಪ್ಪ ಪೇಪರ್ ಮಡಚಿಟ್ರು, ಅವರಿಗೆ ಅದೇ ಓಕೆ."

"ನನ್ನ ಕೇಳ್ಲೇ ಇಲ್ವಲ್ಲ."

"ನೀವು ಕೇಳ್ಲಿ ಅಂತ ಕಾದ್ರೆ ತಲೆ ಬೆಳ್ಳಗಾಗಿ ಅಜ್ಜಿ ಆಗ್ಬಿಡ್ತೀನಿ."

ಗುರುಚರಣ ಬಟ್ಟೆಯ ಕತ್ತಲಲ್ಲಿ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಮೆಲ್ಲಗೆ ಹೇಳಿದಳು:

"ನಾನು ಹಾಳು ಮಾಡಿದ ಕಣ್ಣು. ನಾನೇ ಪಕ್ಕದಲ್ಲಿದ್ದು ನೋಡ್ಕೋಬೇಕು. ಅದು ನ್ಯಾಯ ತಾನೇ?"

ಅವನ ಕೈ ಸಡಿಲವಾಯಿತು. ಇನ್ನೂ ಸುಮ್ಮನಿದ್ದರೆ ಇವಳು ಬಾಳೆಲ್ಲ ಈ ಮನೆಯಲ್ಲೇ ಇರುತ್ತಾಳೆ. ಬಾಯಿ ಬಿಟ್ಟರೆ ಇವತ್ತೇ ಕೊನೆ. ಅವನು ಬಟ್ಟೆ ಸರಿಸಿ ಎದ್ದು ನಿಂತ.

"ಅವತ್ತು ನೀನು ಫಿಲ್ಟರ್ ಹಿಂದ್ಗಡೆ ಹಾಕಿದ್ದು ನಾನು ನೋಡ್ದೆ ಕೃತಿ."

"ನೋಡಿದ್ರಾ?"

"ತಪ್ಪು ಅಂತಾನೂ ಗೊತ್ತಿತ್ತು. ನಿನಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

"ಸರಿ. ಅಪ್ಪುರಂ? ಆಮೇಲಾದ್ರೂ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಬರಲ್ಲ ಅನ್ಕೊಂಡೆ."

ವಿಮಾನವೊಂದು ತಲೆಯ ಮೇಲೆ ತಗ್ಗಾಗಿ ಹೋಯಿತು. ಕೃತಿ ಕಪ್ಪು ಬಟ್ಟೆಯನ್ನು ಮಡಚಿಟ್ಟು ಎದ್ದಳು.

"ಬ್ಯಾಂಕಲ್ಲಿ ಕೆಲ್ಸದ ನಡುವೆ ಒಂದು ಗ್ಲಾಸ್ ಬಿದ್ರೂ ಎಣಿಸ್ತಿರೋ ನೋಟು ಕೆಳಗೆ ಹಾಕ್ತೀನಿ. ನಿದ್ದೆಗೆ ಮಾತ್ರೆ ತಗೋತೀನಿ. ನಿಮಗದು ಗೊತ್ತಿತ್ತು."

"ಗೊತ್ತಿತ್ತು."

ಅವಳು ಬ್ಯಾಗು ಹೆಗಲಿಗೇರಿಸಿದಳು. "ಈಗ ಹೋಗಿ ಮದುವೆ ಬೇಡ ಅನ್ಬೇಕು. ಯಾಕೆ ಅಂತ ಕೇಳ್ತಾರೆ. ನಿಮ್ಮ ಮೇಲೆ ಹೇಳೋಕೆ ನನಗೆ ಬಾಯಿ ಬರಲ್ಲ. ನನ್ನದೇ ತಪ್ಪು ಅಂತೀನಿ, ಬಿಡಿ. ಅಭ್ಯಾಸ ಆಗಿದೆ."

"ಬೇಡ. ನಾನೇ ಬಂದು ಹೇಳ್ತೀನಿ."

ಅವಳು ಬೇಡವೆನ್ನಲಿಲ್ಲ. ಲೋಕಲ್ ರೈಲಿನಲ್ಲಿ ಅವಳ ಮನೆಯಿರುವ ಕೋಡಂಬಾಕ್ಕಂವರೆಗೆ ಎದುರುಬದುರು ಕೂತರು. ಮಾಂಬಲಂ ಸ್ಟೇಷನ್ ದಾಟಿದ ಮೇಲೆ ಅವಳು ಕಿಟಕಿಯಾಚೆ ನೋಡುತ್ತಲೇ ಕೇಳಿದಳು, "ಯಾವಾಗಿಂದ ಪ್ರೀತಿ?"

"ಗಾಜು ಒಡೆಯೋಕೂ ಮುಂಚಿಂದ."

"ನಂಗೂ," ಎಂದಳು. "ಹೇಳಿದ್ರೂ ಬರ್ತಿದ್ದೆ."

ಅವನು ಬೇಕಿಲ್ಲದ ಹಗ್ಗವನ್ನು ಎಳೆದೆಳೆದು ಅವಳನ್ನು ಸವೆಸಿದ್ದ.

ಬಾಗಿಲು ತೆಗೆದವರು ಕೃತಿಯ ತಾಯಿ ಅಂಬುಜಾ. ಮಗಳ ಹಿಂದೆ ಅವನನ್ನು ಕಂಡು ಮುಖವರಳಿತು. "ಬನ್ನಿ ಬನ್ನಿ, ಅಳಿಯಂದಿರು ಫೋನ್ ಮಾಡಿ ಬರೋದಲ್ವಾ," ಎನ್ನುತ್ತಾ ಸೆರಗಿಗೆ ಕೈ ಒರೆಸಿಕೊಂಡು, ಕೇಸರಿಬಾತಿಗೆ ರವೆ ಹುರಿಯಲು ಒಳಗೆ ತಿರುಗಿದರು. ಅಪ್ಪ ರಾಮದಾಸ ಕುರ್ಚಿ ಎಳೆದು ಹಾಕಿದರು.

ಗುರುಚರಣ ಚಪ್ಪಲಿ ಬಿಡಲಿಲ್ಲ.

"ಅಮ್ಮಾ, ಒಲೆ ಹಚ್ಚಬೇಡಿ. ಒಂದು ಮಾತು ಹೇಳಿ ಹೊರಟುಬಿಡ್ತೀನಿ. ನನ್ನ ಕಣ್ಣು ಹೋಗಿದ್ದು ನಿಮ್ಮ ಮಗಳಿಂದಲ್ಲ."

ಅವನು ಹೊಸ್ತಿಲಾಚೆ ನಿಂತೇ ಎಲ್ಲವನ್ನೂ ಹೇಳಿದ, ಒಂದನ್ನೂ ಮುಚ್ಚಿಡದೆ. ಅವನು ಹೇಳಿ ಮುಗಿಸುವವರೆಗೂ ಕೃತಿ ಒಳಗೆ ಹೋಗದೆ ಅವನ ಪಕ್ಕದಲ್ಲೇ ನಿಂತಳು.